ಕುತ್ತಿಗೆಯ ನೆಟಿಗೆ ಬೇಡ

ಶುಕ್ರವಾರ ಬಂತೆಂದರೆ ದೋಹಾದ ಸಲೂನುಗಳಲ್ಲಿ ನಮ್ಮವರ ಸಾಲು. ಕ್ಷೌರ ಮುಗಿದ ಮೇಲೆ ತಲೆಗೆ ನಾಲ್ಕು ತಟ್ಟು, ಆಮೇಲೆ ಗದ್ದ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ‘ಲಟಕ್’! ವಾರದ ದಣಿವೆಲ್ಲ ಇಳಿದಂತೆ ಅನಿಸುತ್ತದೆ. ಕುತ್ತಿಗೆ ನೋವಿನ ಮಾತ್ರೆಗೆ ಬಂದವರು ಈ ಅಭ್ಯಾಸ ಹೇಳಿದಾಗಲೆಲ್ಲ ನಾನು ಬೇಡ ಎನ್ನುತ್ತೇನೆ.

ಕಾರಣ ಕುತ್ತಿಗೆಯ ರಚನೆಯಲ್ಲೇ ಇದೆ. ಸುಮಾರು 5 ಕಿಲೋ ತೂಗುವ ತಲೆಯನ್ನು ಹೊತ್ತಿರುವುದು 7 ಸಣ್ಣ ಮೂಳೆಗಳು. ಅವುಗಳ ನಡುವೆ ಬೆನ್ನುಹುರಿ ಇಳಿಯುತ್ತದೆ. ಮೇಲಿನ 6 ಮೂಳೆಗಳ ಎರಡೂ ಬದಿಗೆ ತೂತುಗಳಿವೆ. ಅವುಗಳೊಳಗೆ ನುಸುಳುವ ಎರಡು ರಕ್ತನಾಳಗಳು ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುತ್ತವೆ. ತಲೆಯನ್ನು ಥಟ್ಟನೆ ತಿರುಚಿದರೆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು. ಇದು ಅಪರೂಪ, ನಿಜ; ಆದರೆ ಗಟ್ಟಿಮುಟ್ಟಾದ ಯುವಕರಿಗೂ ಆಗಿದೆ. ಉಸಿರಾಟ ನಡೆಸುವ ವಪೆಯ ನರಗಳೂ ಕುತ್ತಿಗೆಯಿಂದಲೇ ಹೊರಡುತ್ತವೆ.

ಆ ‘ಲಟಕ್’ ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಕೀಲಿನ ದ್ರವದೊಳಗಿನ ಗಾಳಿಗುಳ್ಳೆಯ ಸದ್ದು.

ಬೇಕಿದ್ದರೆ ಭುಜ ಒತ್ತಿಸಿಕೊಳ್ಳಿ. ಗದ್ದಕ್ಕೆ ಕೈ ಬಂದಾಗ ಮಾತ್ರ “ಗರ್ದನ್ ಮತ್ ಘುಮಾವೋ, ಭಾಯ್” ಎನ್ನಿ. ನೆಟಿಗೆ ತೆಗೆಸಿದ ದಿನವೋ, ಕೆಲವು ದಿನ ಬಿಟ್ಟೋ ಹಿಂದೆಂದೂ ಕಾಣದ ಕುತ್ತಿಗೆ ನೋವಿನ ಜೊತೆ ತಲೆಸುತ್ತು ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ಮಾತು ತೊದಲಿದರೆ, ನಡಿಗೆ ವಾಲಿದರೆ, ಮಾತ್ರೆ ನುಂಗಿ ಮಲಗಬೇಡಿ. ಕೂಡಲೇ 999ಕ್ಕೆ ಕರೆ ಮಾಡಿ. ನೆಟಿಗೆ ತೆಗೆಸಿದ್ದನ್ನು ವೈದ್ಯರಿಗೆ ಮರೆಯದೆ, ನಾಚಿಕೊಳ್ಳದೆ ಹೇಳಿ.