ಪೂಲ್‌ನಲ್ಲಿ ದುಡ್ಡೆಷ್ಟು?

ಪ್ರಶ್ನೆ: ಡೆಕ್ಸ್‌ಸ್ಕ್ರೀನರ್‌ನಂಥ ತಾಣಗಳಲ್ಲಿ ಕ್ರಿಪ್ಟೊ ಟೋಕನ್ ಬೆಲೆಯ ಜೊತೆಗೆ ‘ಲಿಕ್ವಿಡಿಟಿ’ ಎಂಬ ಅಂಕಿ ಇರುತ್ತದಲ್ಲ, ಅದೇನು? ಎಲ್ಲಿಂದ ಬರುತ್ತದೆ?

ಉತ್ತರ: 2018ರಲ್ಲಿ ಶುರುವಾದ ಯೂನಿಸ್ವಾಪ್‌ನಂಥ ವಿಕೇಂದ್ರೀಕೃತ ವಿನಿಮಯ ಕೇಂದ್ರಗಳಲ್ಲಿ ಮಾರುವವರಿಗೂ ಕೊಳ್ಳುವವರಿಗೂ ನಡುವೆ ದಲ್ಲಾಳಿ ಇಲ್ಲ. ಯಾರೋ ಎರಡು ಬಗೆಯ ಟೋಕನ್‌ಗಳನ್ನು ಒಂದು ಪೂಲ್‌ಗೆ ಹಾಕಿಟ್ಟಿರುತ್ತಾರೆ. ನಿಮ್ಮ ವ್ಯಾಪಾರ ಆ ದಾಸ್ತಾನಿನ ಜೊತೆಗೇ. ಆ ದಾಸ್ತಾನೇ ಲಿಕ್ವಿಡಿಟಿ. ಅದು ಬ್ಲಾಕ್‌ಚೈನ್‌ನಲ್ಲಿ ಬಹಿರಂಗವಾಗಿರುವುದರಿಂದ ಈ ತಾಣಗಳು ಯಾರ ಅಪ್ಪಣೆಯೂ ಇಲ್ಲದೆ ಓದಿ, ಡಾಲರ್ ಲೆಕ್ಕದಲ್ಲಿ ತೋರಿಸುತ್ತವೆ.

ನನ್ನ ಪ್ರಕಾರ ಬೆಲೆಗಿಂತ ಈ ಅಂಕಿಯೇ ಮುಖ್ಯ. ಪೂಲ್‌ನಲ್ಲಿ 10 ಈಥರ್, 20,000 ಡಾಲರ್‌ನ ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಇದೆಯೆನ್ನಿ. ಪರದೆಯ ಮೇಲಿನ ಬೆಲೆ 2,000 ಡಾಲರ್. ಆದರೆ ಎರಡರ ಗುಣಲಬ್ಧ ಬದಲಾಗಬಾರದು ಎಂಬುದು ಅಲ್ಲಿನ ಮೂಲ ಸೂತ್ರ. ಹಾಗಾಗಿ 1 ಈಥರ್ ಮಾರಿದರೆ ಕೈಗೆ ಬರುವುದು, ಶುಲ್ಕ ಕಳೆಯುವ ಮೊದಲೇ, ಸುಮಾರು 1,818 ಡಾಲರ್!

ಇದೇ ಪೂಲ್‌ಗೆ ತಾಣ 40,000 ಎಂದು ತೋರಿಸುತ್ತದೆ, ಎರಡೂ ಬದಿ ಕೂಡಿಸಿ. ಈಥರ್ ಬದಲು ಯಾರೂ ಕೇಳಿರದ ಹೊಸ ಟೋಕನ್ ಆದರೆ ಅದರಲ್ಲಿ ಅರ್ಧ, ಅಂದರೆ ಆ ಟೋಕನ್‌ನ ಬದಿ, ಬರೀ ಲೆಕ್ಕದ ದುಡ್ಡು. ಉಳಿದರ್ಧವನ್ನೂ ಹಾಕಿದವರು ಯಾವಾಗ ಬೇಕಾದರೂ ಹಿಂತೆಗೆಯಬಹುದು. ಹಾಗಾಗಿ ಲಿಕ್ವಿಡಿಟಿ ಲಾಕ್ ಆಗಿದೆಯೇ, ಅಂದರೆ ಹಿಂತೆಗೆಯದಂತೆ ತಡೆ ಇದೆಯೇ, ಎಲ್ಲಿಯವರೆಗೆ ಎಂಬುದನ್ನು ನೋಡಿ. ಆಗಿಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ.