ಹಸಿ ಕಸ: ಗೊಬ್ಬರವೋ, ಅನಿಲವೋ?

ಮಲ್ಕಾಜ್‌ಗಿರಿಯ ನಮ್ಮ ಅಡುಗೆಮನೆಗಳಲ್ಲಿ ಉಳಿಯುವ ತರಕಾರಿ ಸಿಪ್ಪೆ, ಕಾಫಿ ಚರಟ, ಪೂಜೆಯ ಬಾಡಿದ ಹೂವು ಮುಂತಾದವುಗಳನ್ನು ಕಸದ ಗಾಡಿಗೆ ಹಾಕಿದೊಡನೆ ನಾವು ನಿಶ್ಚಿಂತರಾಗುತ್ತೇವೆ. ನಗರದ ಕಸ ವರ್ಷಗಳಿಂದ ಹೋಗಿ ಬೀಳುತ್ತಿರುವುದು ನಮ್ಮದೇ ಜಿಲ್ಲೆಯ ಜವಾಹರ್‌ನಗರದಲ್ಲಿ. ಅಲ್ಲಿನ ರಾಶಿಯಿಂದ ಒಸರಿದ ಕಪ್ಪು ನೀರು ಮಲ್ಕಾರಂ ಕೆರೆಯನ್ನೂ ಸುತ್ತಲಿನ ಅಂತರ್ಜಲವನ್ನೂ ಕೆಡಿಸಿತು. ದುರ್ವಾಸನೆಯನ್ನು ಸಹಿಸಬೇಕಾದವರು ಅಲ್ಲಿನ ನಿವಾಸಿಗಳು.

ಆ ನಾತಕ್ಕೆ ಮುಖ್ಯ ಕಾರಣ ಹಸಿ ಕಸ. ರಾಶಿಯ ಒಳಗೆ ಗಾಳಿ ಸಿಗದಿದ್ದಾಗ ಬೇರೆ ಬಗೆಯ ಸೂಕ್ಷ್ಮಾಣುಗಳು ಬೆಳೆದು ಮೀಥೇನ್ ಅನಿಲವನ್ನೂ ದುರ್ವಾಸನೆಯ ಅನಿಲಗಳನ್ನೂ ಹೊರಬಿಡುತ್ತವೆ. ಇದೇ ಕ್ರಿಯೆಯನ್ನು ಮುಚ್ಚಿದ ತೊಟ್ಟಿಯೊಳಗೆ ನಡೆಸಿದರೆ ಅದು ಜೈವಿಕ ಅನಿಲ ಸ್ಥಾವರ. ಗಾಳಿಯಾಡುವಂತೆ ಕೊಳೆಸಿದರೆ ಕಾಂಪೋಸ್ಟ್.

ಮನೆಯ ಮಟ್ಟಿಗೆ ಕಾಂಪೋಸ್ಟೇ ಮೇಲೆಂಬುದು ನಮ್ಮ ಅಭಿಪ್ರಾಯ. ನಮ್ಮ ಊರುಗಳ ಹಿತ್ತಲಿನ ತಿಪ್ಪೆ ಇದರ ಪೂರ್ವಜನೇ ಅಲ್ಲವೆ! ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆ 2006ರಿಂದ ಮಣ್ಣಿನ ಕುಡಿಕೆಗಳ ಮೂಲಕ ಇದನ್ನು ಬಾಲ್ಕನಿಗೆ ತಂದಿತು. ರಂಧ್ರಗಳಿರುವ ಯಾವ ಪಾತ್ರೆಯೂ ಆದೀತು. ಹಸಿ ಕಸದಲ್ಲಿ ಸಾರಜನಕ ಮತ್ತು ನೀರು ಅಧಿಕ. ಒಣ ಎಲೆ, ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಅಧಿಕ. ಆದ್ದರಿಂದ ಪ್ರತಿ ಪದರ ಸಿಪ್ಪೆಯ ಮೇಲೆ ಅಷ್ಟೇ ದಪ್ಪದ ಒಣ ಪದರವಿರಬೇಕು. ಆರಂಭಕ್ಕೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಸಾಕು. ನಾತ ಬಂದರೆ ಒಣ ಎಲೆ ಸೇರಿಸಿ ಕಲಕಬೇಕು. ಒಣಗಿದರೆ ನೀರು ಚಿಮುಕಿಸಬೇಕು. ಸುಮಾರು ಎರಡು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ದೊರೆಯುತ್ತದೆ. ಎರೆಹುಳುಗಳನ್ನು ಸಾಕುವವರಿಗೆ ಮಾತ್ರ ಇಲ್ಲಿನ ಬೇಸಿಗೆ ಕಠಿಣ. 40 ಡಿಗ್ರಿ ದಾಟುವ ದಿನಗಳಲ್ಲಿ ನೆರಳು, ತೇವ ತಪ್ಪಿದರೆ ಅವು ಉಳಿಯವು.

ಅನಿಲದ ವಿಷಯ ಬೇರೆ. ಒಂದು ಕಿಲೋ ಅಡುಗೆಮನೆ ಕಸದಿಂದ ದೊರೆಯುವ ಅನಿಲ ಒಲೆಯನ್ನು ಸುಮಾರು ಕಾಲು ಗಂಟೆ ಉರಿಸೀತು. ನಾಲ್ಕು ಜನರ ಸಂಸಾರಕ್ಕೆ ಅದಕ್ಕಾಗಿ ತೊಟ್ಟಿ ಕಟ್ಟುವುದು ಲಾಭದಾಯಕವಲ್ಲ. ಐವತ್ತು ಮನೆಗಳ ಅಪಾರ್ಟ್‌ಮೆಂಟ್, ಹೋಟೆಲ್, ಕಲ್ಯಾಣ ಮಂಟಪಗಳಿಗೆ ಲೆಕ್ಕ ಕೂಡಿಬರುತ್ತದೆ. ಬೋಯಿನಪಲ್ಲಿಯ ತರಕಾರಿ ಮಾರುಕಟ್ಟೆಯೇ ನಿದರ್ಶನ. ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ರೂಪುಗೊಂಡ ಅಲ್ಲಿನ ಸ್ಥಾವರ ದಿನಕ್ಕೆ ಸುಮಾರು 10 ಟನ್ ಕಸದಿಂದ 500 ಯೂನಿಟ್ ವಿದ್ಯುತ್ತನ್ನೂ 30 ಕಿಲೋ ಜೈವಿಕ ಇಂಧನವನ್ನೂ ಉತ್ಪಾದಿಸುತ್ತದೆಂದು 2021ರ ಜನವರಿಯಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಪ್ರಸ್ತಾಪಿಸಿದ್ದರು.

ಸುಡುವುದೂ ಒಂದು ವಿಧಾನ. ಜವಾಹರ್‌ನಗರದಲ್ಲಿ 2020ರಲ್ಲಿ ಕಸದಿಂದ ವಿದ್ಯುತ್ ತಯಾರಿಸುವ ಘಟಕ ಆರಂಭವಾಯಿತು. ಆದರೆ ಹಸಿ ಕಸದ ಬಹುಭಾಗ ನೀರೇ. ಶಾಖದ ಒಂದು ಪಾಲು ಅದನ್ನು ಆವಿಯಾಗಿಸುವುದಕ್ಕೇ ವ್ಯಯವಾಗುತ್ತದೆ.

ಯಾವ ವಿಧಾನವಾದರೂ ಬೇರ್ಪಡಿಸದ ಕಸದೆದುರು ಸೋಲುತ್ತದೆ. ಒಂದು ಬ್ಯಾಟರಿ ಬಿದ್ದರೂ ಗೊಬ್ಬರಕ್ಕೆ ವಿಷ ಸೇರಬಹುದು; ಪ್ಲಾಸ್ಟಿಕ್ ಚೀಲ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ವಿಧಿಸಿದವು. ಆದರೂ ಯುಗಾದಿ, ರಾಜ್ಯೋತ್ಸವಗಳ ಊಟದ ನಂತರ ಬಾಳೆಎಲೆಯೂ ಪ್ಲಾಸ್ಟಿಕ್ ಲೋಟವೂ ಒಂದೇ ಚೀಲಕ್ಕೆ ಬೀಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮುಂದಿನ ಸಮಾರಂಭದ ಕೈತೊಳೆಯುವ ಸ್ಥಳದಲ್ಲಿ ಎರಡು ಡ್ರಮ್‌ಗಳನ್ನಿರಿಸಿ, ಪಕ್ಕದಲ್ಲಿ ಒಬ್ಬರು ನಿಂತು ನೋಡಿಕೊಂಡರೆ ಸಾಕಾದೀತು.