ಅಂಗನವಾಡಿಯ ಮಗು ಯಾವ ಇಲಾಖೆಯದು?

‘ಅಂಗನವಾಡಿ’ ಕನ್ನಡದಲ್ಲಿ ಹುಟ್ಟಿದ ಮಾತಲ್ಲ. ಮಹಾರಾಷ್ಟ್ರದ ಉತ್ತರ ಕರಾವಳಿಯಲ್ಲಿ ಹುಟ್ಟಿ, ಸರ್ಕಾರಿ ಕಡತಗಳ ಮೂಲಕ ಕರ್ನಾಟಕಕ್ಕೆ ಬಂದ ಪದವದು. ‘ಅಂಗನ’ಕ್ಕೂ ‘ಅಂಗಳ’ಕ್ಕೂ ದೂರವಿಲ್ಲದ್ದರಿಂದ ಹಳ್ಳಿಗಳ ಬಾಯಿಗೆ ಅದು ಸಲೀಸಾಗಿ ಒಗ್ಗಿತು. ಅಂಗನವಾಡಿ ಟೀಚರ್ ಎಂದರೆ ಯಾರೆಂದು ತಿಳಿಯದ ಊರು ಇಂದು ರಾಜ್ಯದಲ್ಲಿ ಇರಲಾರದು. ಆದರೆ ಅಲ್ಲಿ ಚಾಪೆಯ ಮೇಲೆ ಕುಳಿತ ನಾಲ್ಕು ವರ್ಷದ ಮಗು ಸರ್ಕಾರದ ಯಾವ ಇಲಾಖೆಯ ಹೊಣೆ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ.

ಈ ಪ್ರಶ್ನೆಯೇ ಇಲ್ಲದಿದ್ದ ಕಾಲವೊಂದಿತ್ತು. ವಕೀಲಿ ವೃತ್ತಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರಿಗೆ ಪ್ರೇರಣೆ ಇಟಲಿಯ ಮಾರಿಯಾ ಮಾಂಟೆಸ್ಸರಿ. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್‌ಗೆ ಮುಂದೆ ಒಂದು ಸಂಗತಿ ಕಾಡತೊಡಗಿತು. ಮಾಂಟೆಸ್ಸರಿ ಸಾಮಗ್ರಿ ದುಬಾರಿ. ಅದು ಪೇಟೆಯ ಅನುಕೂಲಸ್ಥರ ಮಕ್ಕಳನ್ನಷ್ಟೇ ಮುಟ್ಟುತ್ತಿತ್ತು. 1945ರಲ್ಲಿ ಅವರು ಠಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋದರು. ಅನುತಾಯಿ ವಾಘ್ ಅವರಿಗೆ ಜೊತೆಯಾದರು. ಕೇರಿಯ ಮಕ್ಕಳು ಶಾಲೆಗೆ ಬರಲಿಲ್ಲ. ಹಾಗಾಗಿ ಶಾಲೆಯೇ ಕೇರಿಯ ಅಂಗಳಕ್ಕೆ ಹೋಯಿತು. ಮಕ್ಕಳ ಮೈ ತೊಳೆಸುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು ಮೊದಲು, ಪಾಠ ಆಮೇಲೆ. ಬೆಣಚುಕಲ್ಲು, ಎಲೆ, ಬೀಜ, ಕಡಲತೀರದ ಚಿಪ್ಪುಗಳೇ ಪಾಠೋಪಕರಣಗಳು. ಅಂಗನವಾಡಿ ಎಂದರೆ ಇದು. ಅಲ್ಲಿ ಆರೋಗ್ಯ ಬೇರೆ, ಶಿಕ್ಷಣ ಬೇರೆ ಎಂಬ ಗೆರೆ ಇರಲಿಲ್ಲ, ಏಕೆಂದರೆ ಎರಡನ್ನೂ ಮಾಡುತ್ತಿದ್ದ ಕೈ ಒಂದೇ.

ಸರ್ಕಾರ ಈ ಕೆಲಸಕ್ಕೆ ಕೈಹಾಕಿದ್ದು ಮೂರು ದಶಕಗಳ ನಂತರ. 1974ರ ರಾಷ್ಟ್ರೀಯ ಮಕ್ಕಳ ನೀತಿಯ ಬೆನ್ನಿಗೇ, 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಕಾವೇರಿ–ಕಪಿಲೆಯರ ಸಂಗಮದ ತಾಲ್ಲೂಕು, ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಲ್ಲಿ ತೆರೆದದ್ದು 100 ಅಂಗನವಾಡಿಗಳು. ಇಂದು ರಾಜ್ಯದಲ್ಲಿರುವ ಕೇಂದ್ರಗಳ ಸಂಖ್ಯೆ 65 ಸಾವಿರ ಮೀರಿದೆ.

ಯೋಜನೆಯ ಹೆಸರಿನಲ್ಲಿರುವ ‘ಸಮಗ್ರ’ ಎಂಬ ಮಾತು ಅಲಂಕಾರಕ್ಕೆ ಸೇರಿದ್ದಲ್ಲ. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ. ಪದೇ ಪದೇ ಭೇದಿಯಾಗುವ ಮಗುವಿಗೆ ಉಂಡದ್ದು ದಕ್ಕುವುದಿಲ್ಲ. ತಾಯಿ ರಕ್ತಹೀನಳಾಗಿದ್ದರೆ ಮಗು ಹುಟ್ಟುವಾಗಲೇ ತೂಕ ಕಡಿಮೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಟ್ಟರೆ ಖರ್ಚು ಮಾತ್ರ ಉಳಿಯುತ್ತದೆ. ಆದ್ದರಿಂದ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ತಿಳಿವಳಿಕೆ, ಈ ಆರೂ ಒಂದೇ ಸೂರಿನಡಿ ಸಿಗಬೇಕೆಂಬುದು ಯೋಜನೆಯ ಲೆಕ್ಕಾಚಾರ. ಆದರೆ ಆರರಲ್ಲಿ ಮೂರು ಆರೋಗ್ಯ ಇಲಾಖೆಯ ಸೇವೆಗಳು. ಅಂಗನವಾಡಿ ನಡೆಸುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಕಟ್ಟಡಕ್ಕೆ, ನಲ್ಲಿ ನೀರಿಗೆ ಗ್ರಾಮ ಪಂಚಾಯಿತಿಯನ್ನು ನೋಡಬೇಕು. ಮಗು ಮುಂದೆ ಹೋಗಿ ಸೇರುವುದು ಶಿಕ್ಷಣ ಇಲಾಖೆಯ ಶಾಲೆಗೆ.

ಇವರನ್ನೆಲ್ಲ ಜೋಡಿಸುವ ಕೊಂಡಿಯನ್ನು ತಾಲ್ಲೂಕು ಮಟ್ಟದಲ್ಲಿ ಇಡಲಾಗಿದೆ. ಅಲ್ಲಿರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಅವರ ಕೈಕೆಳಗೆ ವೃತ್ತಕ್ಕೊಬ್ಬರಂತೆ ಮೇಲ್ವಿಚಾರಕಿಯರು. ಸೂಕ್ಷ್ಮ ಇರುವುದು ಇಲ್ಲಿ. ಸಿಡಿಪಿಒ ಸಮನ್ವಯ ಸಾಧಿಸಬೇಕಾದ ತಾಲ್ಲೂಕು ಆರೋಗ್ಯಾಧಿಕಾರಿಯಾಗಲಿ, ಕ್ಷೇತ್ರ ಶಿಕ್ಷಣಾಧಿಕಾರಿಯಾಗಲಿ ಅವರ ಅಧೀನರಲ್ಲ. ಪ್ರತಿಯೊಬ್ಬರಿಗೂ ಜಿಲ್ಲೆಯಲ್ಲಿ ಬೇರೆ ಮೇಲಧಿಕಾರಿ, ಬೆಂಗಳೂರಿನಲ್ಲಿ ಬೇರೆ ಮುಖ್ಯಸ್ಥರು. ಒಬ್ಬರಿಗೊಬ್ಬರು ಪತ್ರ ಬರೆಯಬಹುದು, ಸಭೆಗೆ ಕರೆಯಬಹುದು, ಆಜ್ಞೆ ಮಾಡುವಂತಿಲ್ಲ. ಅಧಿಕಾರಿಗಳು ಪರಸ್ಪರ ಹೊಂದಿಕೊಂಡ ತಾಲ್ಲೂಕಿನಲ್ಲಿ ಕೆಲಸ ನಡೆಯುತ್ತದೆ. ವರ್ಗಾವಣೆಯಾದ ಮೇಲೆ ಮತ್ತೆ ಮೊದಲಿನಿಂದ.

ತೀವ್ರ ಅಪೌಷ್ಟಿಕತೆಯ ಮಗುವೊಂದರ ಹಾದಿಯನ್ನು ಗಮನಿಸಿದರೆ ಈ ಏರ್ಪಾಡಿನ ಶಕ್ತಿ, ದೌರ್ಬಲ್ಯ ಎರಡೂ ಕಾಣುತ್ತವೆ. ಅಂಗನವಾಡಿ ಕಾರ್ಯಕರ್ತೆ ತಿಂಗಳಿಗೊಮ್ಮೆ ಮಗುವಿನ ತೂಕ ಹಾಕಿ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುತ್ತಾರೆ. ಚುಕ್ಕೆ ತೀರಾ ಕೆಳಗಿನ ಪಟ್ಟಿಗೆ ಇಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಬೇಕು. ಅವರು ಹೇಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲು. ಅಲ್ಲಿ ತಾಯಿಯೂ ಎರಡು ವಾರ ಇರಬೇಕು. ಆಕೆಯ ಕೂಲಿ ಹೋಗುತ್ತದೆ. ಅದಕ್ಕೆ ಪರಿಹಾರವೇನೋ ಇದೆ, ಆದರೆ ಮನೆಯಲ್ಲಿ ಉಳಿದ ಇನ್ನೆರಡು ಮಕ್ಕಳನ್ನು ನೋಡುವವರು ಯಾರು? ಮಗು ಚೇತರಿಸಿಕೊಂಡು ಬಂದ ಮೇಲೆ ಮತ್ತೆ ತೂಕ ನೋಡುವವರು ಅದೇ ಕಾರ್ಯಕರ್ತೆ. ಎರಡು ಇಲಾಖೆಗಳ ಮಧ್ಯೆ ನಡೆಯುವ ಈ ಹೋಗಿಬರುವಿಕೆಯಲ್ಲಿ ಮೊದಲಿಂದ ಕೊನೆಯವರೆಗೆ ಆ ಮಗುವಿನ ಹೆಸರು ನೆನಪಿಟ್ಟುಕೊಳ್ಳುವವರು ಬಹುಮಟ್ಟಿಗೆ ಆಕೆಯೊಬ್ಬರೇ.

ಮೇಲೆ ಆಗಬೇಕಿದ್ದ ಸಮನ್ವಯ ಹೀಗೆ ಕೆಳಗೆ, ಒಬ್ಬ ಹೆಣ್ಣುಮಗಳ ಹೆಗಲ ಮೇಲೆ ಬಂದು ಕುಳಿತಿದೆ. ಯೋಜನೆಯ ಆರಂಭದಲ್ಲಿ ಈಕೆಗೆ ಸಿಗುತ್ತಿದ್ದುದು, ಮೆಟ್ರಿಕ್ ಆಗಿದೆಯೋ ಇಲ್ಲವೋ ಎಂಬುದರ ಮೇಲೆ, ತಿಂಗಳಿಗೆ 100ರಿಂದ 150 ರೂಪಾಯಿ. ಅದನ್ನು ಸಂಬಳವೆನ್ನಲಿಲ್ಲ, ‘ಗೌರವಧನ’ ಎಂದರು. ಮೊತ್ತ ಆಮೇಲೆ ಹಲವು ಬಾರಿ ಏರಿದೆ, ಹೆಸರು ಬದಲಾಗಿಲ್ಲ. 2006ರ ಡಿಸೆಂಬರ್ ತಿಂಗಳೊಂದರಲ್ಲೇ ಸುಪ್ರೀಂ ಕೋರ್ಟ್‌ನಿಂದ ಎರಡು ಮಾತು ಹೊರಬಿದ್ದವು. ಕರ್ನಾಟಕ ಸರ್ಕಾರವೇ ಮೇಲ್ಮನವಿ ಸಲ್ಲಿಸಿದ್ದ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದಿತು ಒಂದು ತೀರ್ಪು. ಆಹಾರದ ಹಕ್ಕಿನ ಪ್ರಕರಣದಲ್ಲಿ ಬಂದ ಇನ್ನೊಂದು ಆದೇಶ, ದೇಶದಲ್ಲಿ ಅಂಗನವಾಡಿಗಳ ಸಂಖ್ಯೆ 14 ಲಕ್ಷಕ್ಕೆ ಏರಬೇಕು, ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿ ಕೇಳಿದರೆ ಮೂರು ತಿಂಗಳಲ್ಲಿ ಕೇಂದ್ರ ಕೊಡಬೇಕು ಎಂದಿತು. ಸೇವೆ ಹಕ್ಕಾಯಿತು, ಸೇವೆ ಕೊಡುವವಳು ಸ್ವಯಂಸೇವಕಿಯಾಗಿಯೇ ಉಳಿದಳು. ಆಕೆಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಿದ್ದು 2022ರಲ್ಲಿ.

ಇಷ್ಟರ ಮಧ್ಯೆ ಕೆಲಸ ಹಗುರವಾಗಲಿಲ್ಲ. 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ಬಂತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ. ಯೋಚನೆ ಒಳ್ಳೆಯದೇ. ಮನೆಗೆ ಒಯ್ದ ಆಹಾರ ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ, ಕೇಂದ್ರದಲ್ಲಿ ಉಂಡದ್ದು ತಾಯಿಯ ಹೊಟ್ಟೆಗೇ ಸೇರುತ್ತದೆ. ಆದರೆ ಮಲೆನಾಡಿನ ಚದುರಿದ ಮನೆಗಳಿಂದ ತುಂಬು ಗರ್ಭಿಣಿ ದಿನವೂ ಗುಡ್ಡ ಇಳಿದು ಬರಬೇಕೆನ್ನುವುದು ಬಯಲುಸೀಮೆಯ ಲೆಕ್ಕ.

ಈಗ ತಕರಾರು ಎದ್ದಿರುವುದು ಅನ್ನದ ವಿಷಯದಲ್ಲಲ್ಲ, ಅಕ್ಷರದ ವಿಷಯದಲ್ಲಿ. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರೊಳಗಿನವರನ್ನು 45ನೇ ವಿಧಿಯ ನಿರ್ದೇಶಕ ತತ್ವಕ್ಕೆ ಒಪ್ಪಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಈ ಮಕ್ಕಳಿಗೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎಂದಿತೇ ಹೊರತು ‘ಮಾಡತಕ್ಕದ್ದು’ ಎನ್ನಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಘಟ್ಟವೆಂದು ಕರೆದಾಗ, ಆ ಘಟ್ಟದ ಮೊದಲರ್ಧ ಒಂದು ಇಲಾಖೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇತ್ತು.

ತಂದೆತಾಯಿಗಳು ನೀತಿಗಾಗಿ ಕಾಯಲಿಲ್ಲ. ಸಾಲ ಮಾಡಿಯಾದರೂ ಖಾಸಗಿ ಶಾಲೆಯ ಎಲ್‌ಕೆಜಿಗೆ, ಹಳದಿ ವ್ಯಾನಿಗೆ, ಮಗುವನ್ನು ಹತ್ತಿಸಿದರು. ಅಂಗನವಾಡಿ ಖಾಲಿಯಾದಷ್ಟೂ ಪಕ್ಕದ ಸರ್ಕಾರಿ ಶಾಲೆಯ ಒಂದನೇ ತರಗತಿಯೂ ಖಾಲಿ. ಶಿಕ್ಷಣ ಇಲಾಖೆ ತನ್ನ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯತೊಡಗಿದ್ದು ಈ ಆತಂಕದಿಂದ. 2024ರಲ್ಲಿ ಅದನ್ನು ವಿಸ್ತರಿಸಲು ಹೊರಟಾಗ ಅಂಗನವಾಡಿ ನೌಕರರು ಬೆಂಗಳೂರಿನಲ್ಲಿ ಪ್ರತಿಭಟನೆಗೆ ಕುಳಿತರು. ನಾಲ್ಕು ದಾಟಿದ ಮಕ್ಕಳು ಶಾಲೆಗೆ ಹೋದರೆ ಕೇಂದ್ರದಲ್ಲಿ ಉಳಿಯುವವರು ಯಾರು ಎಂಬುದು ಅವರ ಪ್ರಶ್ನೆ. ಅದು ಕೇವಲ ಕೆಲಸ ಕಳೆದುಕೊಳ್ಳುವ ಭಯವಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿರುತ್ತದೆ, ತಿಂಗಳ ತೂಕ ಇರುವುದಿಲ್ಲ.

ಸರ್ಕಾರ ಕಂಡುಕೊಂಡ ಮಧ್ಯದ ದಾರಿ, ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ. 2024ರ ಜುಲೈನಲ್ಲಿ ಬೆಂಗಳೂರಿನಿಂದ ಮೊದಲುಗೊಂಡ ಈ ಕೇಂದ್ರಗಳಿಗೆ ಇಟ್ಟ ಹೆಸರು ‘ಸರ್ಕಾರಿ ಮಾಂಟೆಸ್ಸರಿ’. ದುಬಾರಿಯೆಂದು ತಾರಾಬಾಯಿ ಬೋರ್ಡಿಯಲ್ಲಿ ಬದಿಗಿಟ್ಟ ಹೆಸರು ಪೋಷಕರ ಒಲವು ಗಳಿಸಲು ಹೀಗೆ ಮರಳಿ ಬಂತು. ಶಾಲೆಗಳ ಪೂರ್ವ ಪ್ರಾಥಮಿಕ ತರಗತಿಗಳೂ ಮುಚ್ಚಲಿಲ್ಲ.

ಲೆಕ್ಕಕ್ಕೆ ಇನ್ನೊಂದು ವರಸೆಯೂ ಸೇರಿತು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025–26ಕ್ಕೆ ಜಾರಿ ಮಾಡಬೇಕಿದ್ದ ರಾಜ್ಯ, ಪೋಷಕರ ಒತ್ತಾಯಕ್ಕೆ ಮಣಿದು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು; 2026–27ರಿಂದ ಆರು ವರ್ಷವೇ ಎಂದೂ ಆಗಲೇ ಹೇಳಿತು. ಅಷ್ಟರಮಟ್ಟಿಗೆ ಮಗು ಇನ್ನೂ ಕೆಲವು ತಿಂಗಳು ಕೆಳಗಿನ ಹಂತದಲ್ಲೇ ಇರಬೇಕು. ಆ ತಿಂಗಳುಗಳಲ್ಲಿ ಅದು ಅಂಗನವಾಡಿಯ ಚಾಪೆಯ ಮೇಲಿರುತ್ತದೋ ಶಾಲೆಯ ಯುಕೆಜಿ ಬೆಂಚಿನ ಮೇಲೋ ಎಂಬುದು ಸಿಡಿಪಿಒ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ ಇಬ್ಬರ ಕಡತಕ್ಕೂ ಸೇರಿದ ವಿಷಯ. ಆ ಎರಡು ಕಡತಗಳು ಒಂದೇ ಮೇಜಿನ ಮೇಲೆ ಬರುವುದು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಸಭೆ ಕರೆದ ದಿನ.